ಬಾಗಲಕೋಟಿಯಿಂದ ಸ್ಯಾನ್ ಫ್ರಾನ್ಸಿಸ್ಕೋ: ಅವ್ವ ಒಬ್ಬಾಕಿನ ಹೊಂಟಾಳ, ಖರೇ ಎಷ್ಟು ತಾಸಿನ ದಾರಿ ಇದು?

ನವನಗರ ಬಾಗಲಕೋಟಿ

ಎಲ್ಲಾರಿಗೂ ನಮಸ್ಕಾರ ರೀ. ಸ್ವಲ್ಪ ಉದ್ದ ಆಗತೈತಿ, ಆದ್ರೂ ಪೂರ್ತಿ ಓದಿ ಗೊತ್ತಿದ್ದವ್ರು ಹೇಳ್ರಿ.

ನಮ್ಮ ಅಕ್ಕ ಅಮೇರಿಕಾದಾಗ ಸನಿವೇಲ್ ಅನ್ನೂ ಊರಾಗ ಇರ್ತಾಳ. ನವೆಂಬರ್ ಮೊದಲನೇ ವಾರ ಆಕಿಗೆ ದಿನಾ ತುಂಬ್ತಾವು, ಬಾಣಂತನಕ್ಕ ಅವ್ವ ಅಕ್ಟೋಬರ್ ನಡುವ ಹೊಂಟಾಳ. ಅವ್ವಗ ಈಗ 63, ಶುಗರ್ ಐತಿ, ಮುಂಜಾನೆ ರಾತ್ರಿ ಎರಡೂ ಹೊತ್ತು ಇನ್ಸುಲಿನ್, ಅದರ ಜೋಡಿ ಮೊಣಕಾಲು ನೋವು. ಇಲ್ಲೀತನಕ ಆಕಿ ವಿಮಾನ ಹತ್ತಿಲ್ಲ. ಅಪ್ಪಗ ಹೊಲಾ ಬಿಟ್ಟು ಹೋಗಾಕ ಆಗೂದಿಲ್ಲ, ನನಗ ರಜಾ ಸಿಗಲಿಲ್ಲ, ಹಿಂಗಾಗಿ ಒಬ್ಬಾಕಿನ ಹೋಗಬೇಕು.

ಅಕ್ಕ ಎರಡು ಟಿಕೆಟ್ ನೋಡಿ ಇಟ್ಟಾಳ, ಇನ್ನೂ ಬುಕ್ ಮಾಡಿಲ್ಲ. ಒಂದು ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಕ್ಕ ಡೈರೆಕ್ಟ್. ಮಧ್ಯಾಹ್ನ 3ಕ್ಕ ಬಿಟ್ಟು ಅದೇ ದಿನ ಸಂಜಿ 6:30ಕ್ಕ ಮುಟ್ಟತೈತಿ ಅಂತ ಬರದೈತಿ. ಫೆಬ್ರವರಿ ಕೊನೀಗೆ ವಾಪಸ್ ಬರೂಮುಂದ ಸೋಮವಾರ ರಾತ್ರಿ 9ಕ್ಕ ಅಲ್ಲಿ ಬಿಟ್ಟು ಬುಧವಾರ ನಸುಕಿನ್ಯಾಗ 4:15ಕ್ಕ ಬೆಂಗಳೂರು. ಇದನ್ನ ಓದಿ ಹೇಳಿದ್ರ ಅವ್ವ ಕೇಳ್ತಾಳ, ಹೋಗೂಮುಂದ ಮೂರೂವರೆ ತಾಸು, ಬರೂಮುಂದ ಒಂದೂಕಾಲು ದಿನ, ಇದೆಂಥಾ ದಾರಿಪಾ ಅಂತ. ವೇಳ್ಯಾದ ಫರಕ್ ಇರತೈತಿ ಅಂತ ನನಗ ಗೊತ್ತೈತಿ ಆದ್ರ ಕೂತು ಲೆಕ್ಕಾ ಹಾಕಿದ್ರ ಹೋಗೂ ತಾಸು ಬ್ಯಾರೆ ಬರೂ ತಾಸು ಬ್ಯಾರೆ ಬರಾಕತ್ತಾವು, ದೂರ ಎರಡೂ ಕಡೆ ಒಂದ ಅಲ್ಲೇನ್ರಿ?

ನೆಟ್‌ನ್ಯಾಗ ನೋಡಿದ್ರ ದೂರ ಸುಮಾರು 14,000 ಕಿ.ಮೀ. ಅಂತ ಐತಿ. ಅಪ್ಪ ತಾಸಿಗೆ 900ರಂಗ ಭಾಗಾಕಾರ ಮಾಡಿ 15 ತಾಸು 33 ನಿಮಿಷ ಅಂದ್ರು, ಟಿಕೆಟ್ ಅದಕ್ಕ ಹೊಂದೂದಿಲ್ಲ. ಮತ್ತ ನನ್ನ ಹಳೇ ಶಾಲಿ ಅಟ್ಲಾಸ್ ತಗದು ನೋಡಿದ್ವಿ, ಅಮೇರಿಕಾ ನಮ್ಮ ಎಡಕ್ಕ ಐತಿ, ಆದ್ರ ವಿಮಾನದ ದಾರಿ ತೋರ್ಸೂ ಆ್ಯಪಿನ್ಯಾಗ ಗೆರಿ ಮ್ಯಾಲ ಹೋಗಿ ರಷ್ಯಾದ ಕಡೆ ಸುತ್ತ ಹಾಕತೈತಿ. ನೆಟ್ಟಗ ಹೋಗೂದು ಬಿಟ್ಟು ಸುತ್ತ ಯಾಕ?

ಇನ್ನೊಂದು ಟಿಕೆಟ್ ಫ್ರಾಂಕ್‌ಫರ್ಟ್ ಮ್ಯಾಲಿಂದ. ಸೋವಿ ಐತಿ, ಒಟ್ಟು 24 ತಾಸು 30 ನಿಮಿಷ. ಯಾವುದು ಬರೋಬ್ಬರಿ? ದಾರ್ಯಾಗ ಎಷ್ಟು ತಾಸು ಅನ್ನೂದು ಖಚಿತ ತಿಳಿದ್ರ ಇನ್ಸುಲಿನ್‌ದು ಡಾಕ್ಟರ್ ಹತ್ರ ಕೇಳಾಕ ನನಗ ಅನುಕೂಲ ಆಗತೈತಿ. ಮುಖ್ಯ ಚಿಂತಿ ಅದ ರೀ.

ಗುಮ್ಮಟದೂರಿನ ಮಾಸ್ತರ

ನವನಗರದವ್ರ, ನಾ ವಿಜಯಪುರದಾಗ ಹೈಸ್ಕೂಲಿಗೆ ಸಮಾಜ ವಿಜ್ಞಾನ ಕಲಸ್ತೀನಿ, ನೀವು ಕೇಳಿದ ಎರಡು ಪ್ರಶ್ನಿ ನನ್ನ ಮಕ್ಕಳು ವರ್ಷಾ ಕೇಳ್ತಾವು. ಮೊದಲ ತಾಸಿನ ಲೆಕ್ಕಾ ಮುಗಸೋಣು.

ಟಿಕೆಟಿನ ಮ್ಯಾಲ ಯಾವಾಗ್ಲೂ ಆಯಾ ಊರಿನ ಗಡಿಯಾರದ ವೇಳ್ಯಾ ಬರದಿರ್ತಾರ. ಅಕ್ಟೋಬರ್‌ದಾಗ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ 12 ತಾಸು 30 ನಿಮಿಷ ಹಿಂದ ಇರ್ತದ. ಅಲ್ಲಿ ಸಂಜಿ 6:30 ಅಂದ್ರ ಬಾಗಲಕೋಟ್ಯಾಗ ಮರುದಿನ ಮುಂಜಾನೆ 7. ಮಧ್ಯಾಹ್ನ 3ರಿಂದ ಮುಂಜಾನೆ 7ಕ್ಕ 16 ತಾಸು. ನಿಮ್ಮ ಅವ್ವ ಖರೇ ಕೂಡೂದು ಅಷ್ಟು. ಫೆಬ್ರವರಿಯೊಳಗ ಅದ ಊರು 13 ತಾಸು 30 ನಿಮಿಷ ಹಿಂದ ಇರ್ತದ. ಅಲ್ಲಿ ಸೋಮವಾರ ರಾತ್ರಿ 9 ಅಂದ್ರ ನಮಗ ಮಂಗಳವಾರ ಮುಂಜಾನೆ 10:30, ಅಲ್ಲಿಂದ ಬುಧವಾರ ನಸುಕಿನ 4:15ರ ತನಕ ಎಣಿಸಿದ್ರ 17 ತಾಸು 45 ನಿಮಿಷ. ಲೆಕ್ಕಾ ಮಾಡೂಮುಂದ ಎರಡೂ ವೇಳ್ಯಾನ ನಮ್ಮ ಗಡಿಯಾರಕ್ಕ ತಂದುಕೊಂಡು ಆಮ್ಯಾಲ ಕಳೀರಿ, ತಪ್ಪೂದಿಲ್ಲ.

ಇನ್ನ ಸುತ್ತ ಹಾಕೂ ಗೆರಿ. ಅಟ್ಲಾಸಿನ ಹಾಳಿ ಚಪ್ಪಟಿ, ಭೂಮಿ ದುಂಡಗ. ದುಂಡಗ ಇದ್ದದ್ದನ್ನ ಎಳದು ಹಾಳಿ ಮ್ಯಾಲ ಹಾಸಿದಾಗ ಉತ್ತರದ ದೇಶಗಳು ಅಡ್ಡ ಹಿಗ್ಗತಾವು, ಅದಕ್ಕ ಸಮೀಪದ ದಾರಿ ಹಾಳಿ ಮ್ಯಾಲ ಸೊಟ್ಟ ಕಾಣ್ತದ. ನಾ ಮಕ್ಕಳಿಗೆ ಗೋಲಗುಂಬಜ ತೋರಿಸಿ ಹೇಳ್ತೀನಿ. ಗುಮ್ಮಟದ ಹೊರಮೈ ಮ್ಯಾಲ, ಬುಡದಿಂದ ಸ್ವಲ್ಪ ಎತ್ತರದಾಗ ಒಂದು ಇರಬಿ ಅದ ಅಂತ ತಿಳೀರಿ, ಅದು ಎದುರಿನ ಮಗ್ಗಲಿಗೆ ಅಷ್ಟ ಎತ್ತರಕ್ಕ ಹೋಗಬೇಕು. ಸುತ್ತ ಬಳಸಿ ಹೋಗಬಹುದು, ಇಲ್ಲಾ ನೆತ್ತಿ ಏರಿ ಆ ಕಡೆ ಇಳೀಬಹುದು. ನೆತ್ತಿ ಏರಿದ್ರನ ಹತ್ರ. ಬುಡದ ಅಂಚಿನ್ಯಾಗ ನಿಂತ್ರ ಎರಡೂ ಸರಿಸಮ, ಎಷ್ಟು ಮ್ಯಾಲಿಂದ ಹೊರಡ್ತದೋ ಅಷ್ಟು ನೆತ್ತಿ ಮ್ಯಾಲಿನ ದಾರಿ ಉಳಿತಾಯ. ನಮ್ಮ ಗುಮ್ಮಟ ಅರ್ಧ ಚಂಡು, ಭೂಮಿಯ ಉತ್ತರದ ಅರ್ಧ ಹಂಗ ಅದ, ನೆತ್ತಿ ಅಂದ್ರ ಉತ್ತರ ಧ್ರುವ.

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರಕ್ಕ, 78 ಡಿಗ್ರಿ ಪೂರ್ವಕ್ಕ ಅದ. ಸ್ಯಾನ್ ಫ್ರಾನ್ಸಿಸ್ಕೋ 37 ಡಿಗ್ರಿ ಉತ್ತರ, 122 ಡಿಗ್ರಿ ಪಶ್ಚಿಮ. ಅಂದ್ರ ಹೆಚ್ಚುಕಡಿಮಿ ಚಂಡಿನ ಎದುರಿನ ಮಗ್ಗಲು. ಇವೆರಡರ ನಡುವ ಎಲ್ಲಕ್ಕಿಂತ ಸಮೀಪದ ಗೆರಿ ಪಶ್ಚಿಮಕ್ಕ ಹೊರಡೂದ ಇಲ್ಲ, ಬೆಂಗಳೂರಿಂದ ಬಹುತೇಕ ಉತ್ತರಕ್ಕ, ಸ್ವಲ್ಪ ಪೂರ್ವಕ್ಕ ವಾಲಿ ಹೊರಡ್ತದ. ನೇಪಾಳ, ಟಿಬೆಟ್, ಮಂಗೋಲಿಯಾದ ಅಂಚು, ಸೈಬೀರಿಯಾ ದಾಟಿ ಸುಮಾರು 71 ಡಿಗ್ರಿ ತನಕ ಏರಿ ಅಲಾಸ್ಕಾದ ಮ್ಯಾಲ ಇಳೀತದ. ಉದ್ದ 13,990 ಕಿ.ಮೀ.ದ ಆಸುಪಾಸು. ನೀವು ಅಟ್ಲಾಸಿನ ಹಾಳಿ ಮ್ಯಾಲ ಸ್ಕೇಲ್ ಇಟ್ಟು ನೆಟ್ಟಗ ಗೆರಿ ಎಳದು ಅದನ್ನ ಹಿಡದು ಪೂರ್ವಕ್ಕ ಹೋದ್ರ 16,000 ಕಿ.ಮೀ. ದಾಟ್ತದ, ಪಶ್ಚಿಮಕ್ಕ ಹೋದ್ರ ಇನ್ನೂ ಹೆಚ್ಚು. ದುಬೈದ ವಿಷಯ ಇನ್ನೂ ಚಂದ ಅದ. ದುಬೈ 55 ಡಿಗ್ರಿ ಪೂರ್ವ, ಕೂಡಿಸಿದ್ರ ಸ್ಯಾನ್ ಫ್ರಾನ್ಸಿಸ್ಕೋಕ್ಕ ಸುಮಾರು 177 ಡಿಗ್ರಿ, ಅಂದ್ರ ಬಹುತೇಕ ಎದುರಾಬದುರು, ಹಿಂಗಾಗಿ ಅಲ್ಲಿಂದ ಸಮೀಪದ ಗೆರಿ ಧ್ರುವದ ಬಾಜೂಕನ ಹಾದು ಹೋಗ್ತದ.

ಮನ್ಯಾಗ ಗೋಲ ಇದ್ರ ಅವ್ವಗ ಒಂದು ದಾರ ಕೊಟ್ಟು ಎರಡೂ ಊರಿಗೆ ಹಚ್ಚಿ ಬಿಗಿಯಾಗಿ ಎಳೀಲಿಕ್ಕೆ ಹೇಳ್ರಿ. ದಾರ ತಾನ ಉತ್ತರಕ್ಕ ಸರೀತದ. ಎಷ್ಟು ಹೇಳಿದ್ರೂ ತಿಳೀಲಾರದ್ದು ಆ ದಾರ ಎಳದ ಕ್ಷಣಕ್ಕ ತಿಳೀತದ, ನಾ ನೋಡೀನಿ.

ಕಿತ್ತೂರ ಹುಡುಗ

ಮಾಸ್ತರ ಇರಬಿ ಉದಾಹರಣೆ ಭಾಳ ಛಲೋ ಐತ್ರಿ, ನಾ ಇಂಜಿನಿಯರಿಂಗ್ ಮೂರನೇ ವರ್ಷ ಆದ್ರೂ ನನಗ ಹಿಂಗ ಯಾರೂ ಹೇಳಿರ್ಲಿಲ್ಲ.

ನಂದೊಂದು ಲೆಕ್ಕಾ. ವೇಳ್ಯಾದ ಫರಕ್ ಹೋಗೂಮುಂದ ಕಳೀತೈತಿ ಬರೂಮುಂದ ಕೂಡತೈತಿ, ಅಂದ್ರ ಟಿಕೆಟಿನ್ಯಾಗ ಕಾಣೂ ಎರಡೂ ತಾಸು ಕೂಡಿಸಿದ್ರ ಫರಕ್ ವಜಾ ಆಗಿ ಖರೇ ಹಾರೂ ತಾಸು ಉಳೀಬೇಕು. 3 ತಾಸು 30 ನಿಮಿಷ, 31 ತಾಸು 15 ನಿಮಿಷ, ಕೂಡಿಸಿದ್ರ 34 ತಾಸು 45 ನಿಮಿಷ. ಆದ್ರ ಮಾಸ್ತರ ಲೆಕ್ಕದಾಗ 16 ಮತ್ತ 17:45 ಕೂಡಿಸಿದ್ರ 33 ತಾಸು 45 ನಿಮಿಷ ಆಗತೈತಿ. ಒಂದು ತಾಸು ಎಲ್ಲಿ ಹೋತು? ಮೂರು ಸರ್ತಿ ಮಾಡಿದ್ನಿ, ಅಷ್ಟ ಬರತೈತಿ.

ಇನ್ನೊಂದು, ಭೂಮಿ ಪಶ್ಚಿಮದಿಂದ ಪೂರ್ವಕ್ಕ ತಿರಗತೈತಿ, ಅಂದಮ್ಯಾಲ ವಿಮಾನ ಪಶ್ಚಿಮಕ್ಕ ಹೊಂಟ್ರ ಊರು ತಾನ ಎದುರಿಗೆ ಬಂದಂಗ ಆಗಿ ಲಗೂನ ಮುಟ್ಟಬೇಕಲ್ರಿ? ಆದ್ರ ಎಲ್ಲಾರೂ ಉಪರಾಟಿ ಹೇಳ್ತಾರ, ಪೂರ್ವಕ್ಕ ಹೋದ್ರ ಲಗೂ ಅಂತ. ಇದು ನನಗ ಖರೇನ ತಿಳೀವಲ್ದು.

ಸಾಂಬ್ರಾ ನಿವೃತ್ತ

ಕಿತ್ತೂರ ತಮ್ಮಾ, ನಿನ್ನ ಆ ಒಂದು ತಾಸು ಎಲ್ಲೂ ಹೋಗಿಲ್ಲ, ಅಮೇರಿಕಾದ ಗಡಿಯಾರದಾಗ ಐತಿ. ಅವ್ರು ಬೇಸಿಗಿ ವೇಳ್ಯಾ ಅಂತ ಮಾರ್ಚ್ ಎರಡನೇ ಭಾನುವಾರ ಗಡಿಯಾರ ಒಂದು ತಾಸು ಮುಂದ ಮಾಡ್ತಾರ, ನವೆಂಬರ್ ಮೊದಲನೇ ಭಾನುವಾರ ಹಿಂದ ಮಾಡ್ತಾರ. ಇವರ ಅವ್ವ ಅಕ್ಟೋಬರ್‌ದಾಗ ಹೋಗಿ ಫೆಬ್ರವರ್ಯಾಗ ಬರ್ತಾರ, ನಡುವ ಗಡಿಯಾರ ಬದಲಾಗೇತಿ. ಹೋಗೂದು ಬರೂದು ಎರಡೂ ಅಕ್ಟೋಬರ್‌ದಾಗ ಇದ್ದಿದ್ರ ನಿನ್ನ ಲೆಕ್ಕಾ ತಂತೋತಂತ ಬರ್ತಿತ್ತು. ಮೂರು ಸರ್ತಿ ಮಾಡಿ ನೋಡಿ ಕೇಳ್ದಿ, ಅದು ನನಗ ಖುಷಿ ಆತು.

ಎರಡನೇದು. ಓಡೂ ಬಸ್ಸಿನ್ಯಾಗ ಕುಂತು ಟೊಪಗಿ ಮ್ಯಾಲ ಹಾರಿಸಿ ನೋಡು, ನಿನ್ನ ಕೈಯಾಗ ಬೀಳತೈತಿ, ಹಿಂದಿನ ಸೀಟಿನ್ಯಾಗ ಬೀಳೂದಿಲ್ಲ. ಬಸ್ಸಿನ ಒಳಗಿನ ಗಾಳಿ, ನೀ, ಟೊಪಗಿ ಎಲ್ಲಾ ಬಸ್ಸಿನ ಜೋಡಿ ಓಡಾಕತ್ತಿರ್ತಾವು. ಭೂಮಿ ಜೋಡಿ ಅದರ ಗಾಳೀನೂ ತಿರಗತೈತಿ, ವಿಮಾನ ಆ ಗಾಳ್ಯಾಗ ಈಸತೈತಿ. ಹಿಂಗಾಗಿ ಭೂಮಿ ತಿರಗೂದರಿಂದ ನೇರ ಲಾಭ ಏನೂ ಇಲ್ಲ. ಲಾಭ ನಷ್ಟ ಬರೂದು ಗಾಳಿಯಿಂದ. ಉತ್ತರದ ಥಂಡಿ ಗಾಳಿ, ದಕ್ಷಿಣದ ಬಿಸಿ ಗಾಳಿ ಕೂಡೂ ಪಟ್ಟಿಯೊಳಗ, ಒಂಬತ್ತರಿಂದ ಹನ್ನೆರಡು ಕಿ.ಮೀ. ಎತ್ತರದಾಗ, ಪಶ್ಚಿಮದಿಂದ ಪೂರ್ವಕ್ಕ ಜೋರ ಗಾಳಿ ಹರೀತೈತಿ, ಜೆಟ್ ಸ್ಟ್ರೀಮ್ ಅಂತಾರ. ಛಳಿಗಾಲದಾಗ ತಾಸಿಗೆ 200 ಕಿ.ಮೀ. ದಾಟೂದು ಸಾಮಾನ್ಯ. ವಿಮಾನ ಹಾರೂ ಎತ್ತರನೂ ಅದ. ಹೊಳ್ಯಾಗ ಈಸಿದವ್ರಿಗೆ ಗೊತ್ತಿರತೈತಿ, ಸೆಳವಿನ ಜೋಡಿ ಈಸೂದು ಬ್ಯಾರೆ, ಸೆಳವಿಗೆ ಎದುರ ಈಸೂದು ಬ್ಯಾರೆ, ಕೈಕಾಲು ಬಡಿಯೂ ಕಸುವು ಒಂದ ಇದ್ರೂ. 900ರ ವಿಮಾನಕ್ಕ ಬೆನ್ನಿಗೆ 150ರ ಗಾಳಿ ಸಿಕ್ಕರ ನೆಲದ ಲೆಕ್ಕಕ್ಕ 1,050, ಎದುರಿಗೆ ಬಂದ್ರ 750.

ನವನಗರದವ್ರ, ನಿಮ್ಮ ಅಪ್ಪಾರು ಮಾಡಿದ ಭಾಗಾಕಾರ ತಪ್ಪಲ್ಲ, ಆದ್ರ ಅದ್ರಾಗ ಗಾಳಿ ಇಲ್ಲ. ನಾ ವಾಯುಸೇನೆಯೊಳಗ 20 ವರ್ಷ ನೆಲದ ಮ್ಯಾಲಿನ ಕೆಲಸಾ ಮಾಡಿ ನಿವೃತ್ತ ಆದಾವ, ಕಿ.ಮೀ. ನೋಡಿ ತಾಸು ಹೇಳಬಾರದು ಅಂತ ಕಲ್ತೀನಿ. ಇದಕ್ಕ ನನಗ ಭಾಳ ಸೇರೂ ಉದಾಹರಣೆ 2016ರ ಅಕ್ಟೋಬರ್‌ದ್ದು. ಏರ್ ಇಂಡಿಯಾ ದಿಲ್ಲಿ-ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಮೊದಲ ಅಟ್ಲಾಂಟಿಕ್ ಮ್ಯಾಲಿಂದ ಹೋಗ್ತಿತ್ತು, ಸುಮಾರು 13,900 ಕಿ.ಮೀ. ಆ ತಿಂಗಳು ಅದನ್ನ ಪೆಸಿಫಿಕ್ ಮ್ಯಾಲಿಂದ ಒಯ್ದ್ರು. ದೂರ 15,300 ಕಿ.ಮೀ. ಆತು, 1,400 ಹೆಚ್ಚು, ಆದ್ರ ಸುಮಾರು ಹದಿನಾಲ್ಕೂವರೆ ತಾಸಿನ್ಯಾಗ ಮುಟ್ಟಿತು, ಹಳೇ ದಾರಿಗಿಂತ ಎರಡು ತಾಸಿನ ಸನೇಕ ಕಡಿಮಿ. ದಾರಿ ಉದ್ದ ಆತು, ಹೊತ್ತು ಗಿಡ್ಡ ಆತು, ಯಾಕಂದ್ರ ಗಾಳಿ ಬೆನ್ನಿಗಿತ್ತು. ನಮ್ಮ ಕಡೆದ ಹೇಳಬೇಕಂದ್ರ ಬೆಳಗಾವಿಂದ ಹುಬ್ಬಳ್ಳಿ ನೂರರ ಹತ್ರ ಕಿ.ಮೀ., ಹೈವೇದಾಗ ದೀಡ ತಾಸು. ಚೋರ್ಲಾ ಘಾಟ ಇಳದು ಪಣಜಿಗೆ ಹೋದ್ರ ದೂರ ಅದಕ್ಕಿಂತ ಭಾಳ ಹೆಚ್ಚಿಲ್ಲ, ಮಳಿಗಾಲದಾಗ ನಾಕು ತಾಸು ಹಿಡದ್ರೂ ಆಶ್ಚರ್ಯ ಇಲ್ಲ.

ಬರೂಮುಂದ ಆ ಗಾಳಿಗೆ ಎದುರ ಬರೂದು ಬ್ಯಾಡ ಅಂತನ ಧ್ರುವದ ಕಡೆ ಏರಿ ತಪ್ಪಸ್ತಾರ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟ ಏರ್ ಇಂಡಿಯಾ ವಿಮಾನ ಹಿಂಗ ಉತ್ತರ ಧ್ರುವದ ಮ್ಯಾಲ ಹಾದು 11ರ ನಸುಕಿನ್ಯಾಗ ಬೆಂಗಳೂರಾಗ ಇಳೀತು. ಕಾಕ್‌ಪಿಟ್‌ನ್ಯಾಗ ಇದ್ದವ್ರು ಎಲ್ಲಾರೂ ಹೆಣ್ಣಮಕ್ಕಳು, ಕ್ಯಾಪ್ಟನ್ ಝೋಯಾ ಅಗರವಾಲ್. ನಿಮ್ಮ ಅವ್ವಗ ಇದನ್ನ ಹೇಳ್ರಿ, ಧೈರ್ಯಾ ಬರತೈತಿ. ಅಲ್ಲಿ ಹೊರಗಿನ ಥಂಡಿ ಎಷ್ಟಿರತೈತಿ ಅಂದ್ರ ಇಂಧನದ ಮ್ಯಾಲನೂ ಕಣ್ಣಿಟ್ಟಿರಬೇಕು, ಜೆಟ್ ಇಂಧನ ಮೈನಸ್ 47 ಡಿಗ್ರಿ ಸುತ್ತಮುತ್ತ ಹೆಪ್ಪುಗಟ್ಟಾಕ ಸುರು ಆಗತೈತಿ, ಟ್ಯಾಂಕಿನ ಉಷ್ಣತಾ ಇಳದ್ರ ಪೈಲಟ್ ಎತ್ತರ ಇಲ್ಲಾ ವೇಗ ಬದಲು ಮಾಡ್ತಾರ.

ಮಾಸ್ತರ ಹೇಳಿದ ನೇಪಾಳ ಟಿಬೆಟ್ ಗೆರಿ ಲೆಕ್ಕಕ್ಕ ಖರೇ, ಆದ್ರ ಆ ಗೆರಿ ಮ್ಯಾಲ ಪ್ರಯಾಣಿಕರ ವಿಮಾನ ಹಂಗ ಹೋಗೂದಿಲ್ಲ. ಕ್ಯಾಬಿನ್ನಿನ ಗಾಳಿ ಒತ್ತಡ ಹೋತಂದ್ರ ಪೈಲಟ್ ಲಗೂನ 10,000 ಅಡಿಗೆ ಇಳಸಬೇಕು, ತಲಿ ಮ್ಯಾಲಿಂದ ಬೀಳೂ ಮಾಸ್ಕಿನ ಆಕ್ಸಿಜನ್ ಹದಿನೈದು ನಿಮಿಷದಷ್ಟ ಇರತೈತಿ. ಟಿಬೆಟ್‌ದಾಗ ನೆಲಾನ ಅದಕ್ಕಿಂತ ಎತ್ತರ ಐತಿ, ಇಳಸೂದು ಎಲ್ಲಿ? ಅದರ ಮ್ಯಾಲ ದೇಶದೇಶದ ಜಗಳ. 2022ರಿಂದ ಅಮೇರಿಕಾ, ಯುರೋಪಿನ ವಿಮಾನ ರಷ್ಯಾದ ಮ್ಯಾಲ ಹಾರೂದಿಲ್ಲ. 2025ರ ಏಪ್ರಿಲ್ 24ಕ್ಕ ಪಾಕಿಸ್ತಾನ ನಮ್ಮ ವಿಮಾನಕ್ಕ ಆಕಾಶ ಬಂದ್ ಮಾಡಿದಮ್ಯಾಲ ದಿಲ್ಲಿಂದ ಪಶ್ಚಿಮಕ್ಕ ಹೋಗಾವು ಅರಬ್ಬಿ ಸಮುದ್ರದ ಕಡೆ ಸುತ್ತ ಹಾಕಿದ್ವು. ಅದಕ್ಕ ನೆಟ್‌ನ್ಯಾಗ ಕಾಣೂ ದೂರ ಅಂದ್ರ ದಾರ ಎಳದ ದೂರ, ವಿಮಾನ ಹಾರಿದ ದೂರ ಅಲ್ಲ. ಮತ್ತ ಟಿಕೆಟಿನ 16 ತಾಸಿನ್ಯಾಗ ಗೇಟ್ ಬಿಟ್ಟು ರನ್‌ವೇ ತನಕ ಉರುಳೂ ಹೊತ್ತು, ಇಳದಮ್ಯಾಲ ಗೇಟಿಗೆ ಬರೂ ಹೊತ್ತು ಎಲ್ಲಾ ಸೇರಿರತೈತಿ. ಹಾರೂದು ಅರ್ಧ ತಾಸು ಕಡಿಮೀನ ಇರತೈತಿ.

ಫ್ರಾಂಕ್‌ಫರ್ಟ್ ದಾರಿ ಬೆಂಗಳೂರಿಂದ 7,400, ಅಲ್ಲಿಂದ 9,150, ಒಟ್ಟು 16,550 ಕಿ.ಮೀ. ಡೈರೆಕ್ಟಿಗಿಂತ ಎರಡೂವರೆ ಸಾವಿರ ಹೆಚ್ಚು, ಅದೂ ಪಶ್ಚಿಮಕ್ಕ, ಗಾಳಿಗೆ ಎದುರ. ಹೊತ್ತು ಹೆಚ್ಚು ಯಾಕ ಹಿಡೀತೈತಿ ಅಂತ ಇದರಾಗ ತಿಳೀತೈತಿ.

ಟಿಳಕವಾಡಿ ಕಾಕು

ಎಲ್ಲಾರೂ ಆಕಾಶದ ತಾಸು ಎಣಸೀರಿ, ಒಳ್ಳೇದಾತು, ಆದ್ರ ತಮ್ಮಾ ನಿಮ್ಮ ಅವ್ವ ಎಣಸಬೇಕಾದ್ದು ಮನಿ ಬಾಗಲದಿಂದ ಮಗಳ ಮನಿ ಬಾಗಲದ ತನಕ. ನಾ ಇಬ್ಬರು ಹೆಣ್ಣಮಕ್ಕಳ ಬಾಣಂತನಕ್ಕ ಮೂರು ಸರ್ತಿ ಹೋಗಿ ಬಂದೀನಿ, ಎರಡು ಸರ್ತಿ ಒಬ್ಬಾಕಿನ, ನನಗೂ ಶುಗರ್ ಐತಿ. ಅದಕ್ಕ ಹೇಳಾಕತ್ತೀನಿ.

ಬಾಗಲಕೋಟ್ಯಾಗ ಏರ್ಪೋರ್ಟ್ ಇಲ್ಲ. ಬೆಳಗಾವಿಗಾಗ್ಲಿ ಹುಬ್ಬಳ್ಳಿಗಾಗ್ಲಿ ಕಾರಿನ್ಯಾಗ ಎರಡೂವರೆ ಮೂರು ತಾಸು. ಬೆಳಗಾವಿ ಏರ್ಪೋರ್ಟ್ ಸಾಂಬ್ರಾದಿಂದ ಬೆಂಗಳೂರು ಆಕಾಶದಾಗ 445 ಕಿ.ಮೀ., ಸವಾ ತಾಸು. ರಸ್ತಾದ ಮ್ಯಾಲ 500ರಷ್ಟು. 2025ರ ಆಗಸ್ಟ್‌ದಾಗ ಸುರು ಆದ ವಂದೇ ಭಾರತ್‌ದಾಗ ಹೋದ್ರ 611 ಕಿ.ಮೀ., ಎಂಟೂವರೆ ತಾಸು. ನೋಡ್ರಿ ಅವೆರಡ ಊರು, ದೂರ ಮೂರು ನಮೂನಿ. ನಿಮಗ ಬಾಗಲಕೋಟಿಂದನ ರಾತ್ರಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಐತಿ, ಆದ್ರ ರೈಲು ಇಳದು ದೇವನಹಳ್ಳಿ ಮುಟ್ಟೂದಕ್ಕ ಬೆಂಗಳೂರಿನ ಗದ್ಲದಾಗ ಮತ್ತ ದೀಡ ಎರಡು ತಾಸು ಹಿಡೀರಿ. ವಿದೇಶದ ವಿಮಾನಕ್ಕ ಮೂರು ತಾಸು ಮೊದಲ ಅಲ್ಲಿರಬೇಕು, ಆಕಿ ಹೊಸಾಕಿ, ನಾಕು ತಾಸು ಮೊದಲ ಇರ್ಲಿ. ಅಲ್ಲಿ ಇಳದಮ್ಯಾಲ ಇಮಿಗ್ರೇಷನ್ ಸಾಲು, ಬ್ಯಾಗು, ಅದೂ ಒಂದೆರಡು ತಾಸು. ಎಲ್ಲಾ ಕೂಡಿಸಿದ್ರ ಡೈರೆಕ್ಟ್ ಆದ್ರೂ ಒಂದೂವರೆ ದಿನದ ಮ್ಯಾಲ. ಅದಕ್ಕ ನನ್ನ ಮಾತು ಕೇಳ್ರಿ, ಹಿಂದಿನ ದಿನಾನ ಬೆಂಗಳೂರಿಗೆ ಕರಕೊಂಡು ಹೋಗಿ ಯಾರದರ ಮನ್ಯಾಗ ಒಂದು ರಾತ್ರಿ ಮಲಗಸ್ರಿ. ಅದೇ ದಿನ ಮುಂಜಾನೆ ಇಲ್ಲಿಂದ ಬ್ಯಾರೆ ಟಿಕೆಟಿನ ವಿಮಾನ ಹಿಡದು ಮಧ್ಯಾಹ್ನ ಅಮೇರಿಕಾ ವಿಮಾನ ಹತ್ತತೀವಿ ಅನ್ನೂದು ಬ್ಯಾಡ, ಇಲ್ಲಿ ಮಳಿ ಮಂಜು ಬಿದ್ದು ತಡಾ ಆತಂದ್ರ ಟಿಕೆಟ್ ಬ್ಯಾರೆ ಬ್ಯಾರೆ ಇದ್ದಾಗ ಆ ಕಡೇದವ್ರು ಹೊಣಿ ಹೊರೂದಿಲ್ಲ.

ನಡುವ ಇಳದು ಹತ್ತೂದು ಹೆಂಗಿರತೈತಿ ಅಂತ ನನ್ನ ಎರಡನೇ ಪ್ರಯಾಣದಾಗ ಉಂಡೀನಿ. ಎರಡು ವಿಮಾನದ ನಡುವ ಒಂದು ತಾಸು ಇಪ್ಪತ್ತು ನಿಮಿಷ ಇತ್ತು, ಟಿಕೆಟ್ ಕೊಟ್ಟವ್ರು ಸಾಕು ಅಂದಿದ್ರು. ಮೊದಲನೇದು 40 ನಿಮಿಷ ತಡಾ. ಆ ಏರ್ಪೋರ್ಟಿನ್ಯಾಗ ಒಂದು ಟರ್ಮಿನಲ್‌ದಿಂದ ಇನ್ನೊಂದಕ್ಕ ರೈಲಿನ್ಯಾಗ ಹೋಗಬೇಕು, ಮತ್ತ ತಪಾಸಣಿ. ಮೊಣಕಾಲು ಹಿಡಕೊಂಡು ಓಡಿದ್ನಿ, ನಾ ಗೇಟಿಗೆ ಹೋಗೂದ್ರಾಗ ಬಾಗಲಾ ಹಾಕಿದ್ರು. ಮುಂದಿನ ವಿಮಾನ ಹನ್ನೊಂದು ತಾಸಿಗೆ. ನನಗ ಇಂಗ್ಲಿಷ್ ಅಷ್ಟಕ್ಕಷ್ಟ, ಫೋನ್ ಚಾರ್ಜ್ ಮುಗಿಯಾಕ ಬಂದಿತ್ತು, ರಾತ್ರಿ ಇನ್ಸುಲಿನ್ ತಗೊಳ್ಳೂ ಹೊತ್ತು ಅದ ಇದ್ರ ಮುಂಜಾನೆ ಬೆಳಕು ಬಿದ್ದಿತ್ತು. ಯಾವ ಊಟದ ಮುಂದ ಯಾವ ಸೂಜಿ ಅಂತ ತಿಳೀದ ಬಾಕಿನ ಮ್ಯಾಲ ಕುಂತು ಅತ್ನಿ. ಗುಜರಾತಿನ ಒಬ್ಬಾಕಿ ಹೆಣ್ಣಮಗಳು ಬಂದು ತನ್ನ ಫೋನ್ ಕೊಟ್ಟು ಮಗಳ ಜೋಡಿ ಮಾತಾಡಿಸಿದಳು, ಆಕಿ ಹೆಸರು ಸುದ್ದಾ ಕೇಳ್ಲಿಲ್ಲ ನಾ. ಫ್ರಾಂಕ್‌ಫರ್ಟ್ ಟಿಕೆಟ್ ಎಷ್ಟು ಸೋವಿ ಐತೋ ನನಗ ಗೊತ್ತಿಲ್ಲ ತಮ್ಮಾ, ಮೊದಲನೇ ಸರ್ತಿ ಒಬ್ಬಾಕಿನ ಹೋಗೂ ಅವ್ವಗ ಡೈರೆಕ್ಟ್ ತಗೀರಿ. ಅದು ಆಗಲಿಲ್ಲಂದ್ರ ನಡುವ ಮೂರು ನಾಕು ತಾಸು ಬಿಡುವು ಇದ್ದದ್ದು, ಮತ್ತ ಎರಡೂ ಒಂದ ಟಿಕೆಟಿನ್ಯಾಗ ಇದ್ದದ್ದು ನೋಡ್ರಿ. ವ್ಹೀಲ್‌ಚೇರ್ ಬುಕ್ ಮಾಡೂಮುಂದನ ಬರಸ್ರಿ, ಹೋಗೂ 48 ತಾಸು ಮೊದಲ ಮತ್ತೊಮ್ಮೆ ಫೋನ್ ಮಾಡಿ ಖಾತ್ರಿ ಮಾಡ್ಕೋರಿ. ನಡೀಲಾರದವ್ರಿಗಷ್ಟ ಅಂತಲ್ಲ, ಅದನ್ನ ದೂಡೂ ಮನಿಷ್ಯಾ ಆಕಿನ್ನ ಗೇಟಿನ ತನಕ ಮುಟ್ಟಸ್ತಾನ, ಅದ ದೊಡ್ಡದು.

ಇನ್ಸುಲಿನ್ ಪ್ರಮಾಣ ನಾ ಹೇಳಬಾರದು, ಡಾಕ್ಟರ್ ಹೇಳಬೇಕು. ಆದ್ರ ಅವ್ರ ಮುಂದ ಹೆಂಗ ಕೇಳಬೇಕು ಅಂತ ಹೇಳ್ತೀನಿ. ಒಂದು ಹಾಳಿ ಮ್ಯಾಲ ನಮ್ಮ ದೇಶದ ವೇಳ್ಯಾದಾಗ ಬರಕೊಂಡು ಹೋಗ್ರಿ, ಮಧ್ಯಾಹ್ನ 3ಕ್ಕ ವಿಮಾನ, ರಾತ್ರಿ ಇಷ್ಟಕ್ಕ ಊಟ, ಮುಂಜಾನೆ 7ಕ್ಕ ಇಳೀತಾಳ ಆದ್ರ ಅಲ್ಲಿ ಸಂಜಿ 6:30, ಅಲ್ಲಿ ರಾತ್ರಿ ಮಲಗೂ ಹೊತ್ತಿಗೆ ಇಲ್ಲಿ ಮುಂಜಾನೆ ಹನ್ನೊಂದು. ಅಂದ್ರ ಆಕಿಗೆ ಆ ದಿನ ಹನ್ನೆರಡೂವರೆ ತಾಸು ಹೆಚ್ಚು ಉದ್ದ ಆಗತೈತಿ. ಇದನ್ನ ನೋಡಿದ್ರ ಡಾಕ್ಟರ್ ತಾವ ಬರೋಬ್ಬರಿ ಬರದು ಕೊಡ್ತಾರ. ಊಟದ ತಾಟು ಕೈಗೆ ಬರೂಮಟ ಸೂಜಿ ಹಾಕ್ಕೊಳ್ಳಾಕ ಹೋಗಬಾರದು, ವಿಮಾನದಾಗ ಗಾಳಿ ಜೋರಾತಂದ್ರ ಊಟ ಕೊಡೂದು ನಿಂದ್ರಸ್ತಾರ. ಇನ್ಸುಲಿನ್, ಡಾಕ್ಟರ್ ಚೀಟಿ, ಶುಗರ್ ನೋಡೂ ಯಂತ್ರ, ಒಂದಿಷ್ಟು ಬೆಲ್ಲ ಇಲ್ಲಾ ಗ್ಲುಕೋಸ್ ಎಲ್ಲಾ ಕೈಬ್ಯಾಗಿನ್ಯಾಗ. ದೊಡ್ಡ ಬ್ಯಾಗಿನ್ಯಾಗ ಹಾಕಿದ್ರ ಕೆಳಗ ಥಂಡಿಗೆ ಇನ್ಸುಲಿನ್ ಹೆಪ್ಪುಗಟ್ಟಿ ಕೆಡಬಹುದು. ಒಂದು ಎರಡು ತಾಸಿಗೊಮ್ಮೆ ಎದ್ದು ಓಣಿಯಂಥಾ ಜಾಗಾದಾಗ ಅಡ್ಡಾಡ್ಲಿ, ಕಾಲಾಗ ರಕ್ತ ಹೆಪ್ಪುಗಟ್ಟಬಾರದು, ನಮ್ಮ ವಯಸ್ಸಿಗೆ ಇದು ಭಾಳ ಮುಖ್ಯ. ಓಣಿ ಬಾಜೂ ಸೀಟ್ ತಗೀರಿ. ಶುಗರ್ ಇದ್ದವ್ರ ಊಟ ಬೇಕಂತ ಮೊದಲ ಹೇಳಿದ್ರ ಬ್ಯಾರೆ ಕೊಡ್ತಾರ.

ಬಾಣಂತಿಗೆ ಅಂತ ಅಂಟಿನ ಉಂಡಿ, ಶೇಂಗಾ ಚಟ್ನಿ, ಖಡಕ್ ರೊಟ್ಟಿ ಒಯ್ಯಲಿ, ಅಲ್ಲಿ ಫಾರ್ಮಿನ್ಯಾಗ ಆಹಾರ ಐತಿ ಅಂತ ಖರೇ ಬರೀಲಿ. ಹಸಿ ಕರಿಬೇವು ಮಾತ್ರ ಬ್ಯಾಡ, ಅಲ್ಲಿ ತಗದು ಇಟ್ಕೋತಾರ. ಒಣಕೊಬ್ಬರಿ ಹೋಳನೂ ಬ್ಯಾಡ, ಲಗೂ ಉರಿ ಹತ್ತೂ ವಸ್ತು ಅಂತ ಇಲ್ಲೇ ಹಿಡೀತಾರ.

ನವನಗರ ಬಾಗಲಕೋಟಿ

ಕಾಕೂ, ಮಾಸ್ತರ, ಸಾಂಬ್ರಾ ಅಣ್ಣಾರ, ಕಿತ್ತೂರ ತಮ್ಮಾ, ಎಲ್ಲಾರಿಗೂ ಕೈ ಮುಗೀತೀನಿ. ನಿನ್ನೆ ರಾತ್ರಿ ಎಲ್ಲಾ ಓದಿ ಅವ್ವಗ ಹೇಳಿದ್ನಿ. ಕಾಕು ಬಾಕಿನ ಮ್ಯಾಲ ಕುಂತು ಅತ್ತದ್ದು ಓದೂಮುಂದ ಅವ್ವ ಸುಮ್ಮನ ಕುಂತಿದ್ಲು, ಆಮ್ಯಾಲ ಫ್ರಾಂಕ್‌ಫರ್ಟ್ ಬ್ಯಾಡ ಅಂತ ತಾನ ಅಂದಳು. ಡೈರೆಕ್ಟ್ ಬುಕ್ ಮಾಡಿದ್ವಿ, ವ್ಹೀಲ್‌ಚೇರ್ ಬರಸೇವಿ, ಓಣಿ ಸೀಟ್ ಸಿಕ್ಕೈತಿ. ಹಿಂದಿನ ದಿನಾ ಯಲಹಂಕದಾಗ ಮಾವಶಿ ಮನ್ಯಾಗ ಉಳೀತೀವಿ. ಇವತ್ತು ಡಾಕ್ಟರ್ ಹತ್ರ ಕಾಕು ಹೇಳಿದಂಗ ಹಾಳಿ ಬರಕೊಂಡು ಹೋಗಿದ್ವಿ, ಅವ್ರು ಆ ಹಾಳಿ ಮ್ಯಾಲನ ಎಷ್ಟೊತ್ತಿಗೆ ಎಷ್ಟು ಅಂತ ಬರದು ಸಹಿ ಮಾಡಿ ಕೊಟ್ರು. ಅಪ್ಪ ತಮ್ಮ ಹಳೇ ಎಚ್ಎಂಟಿ ಗಡಿಯಾರ ಅವ್ವನ ಕೈಗೆ ಕಟ್ಯಾರ, ಅಕ್ಕನ ಮನಿ ಮುಟ್ಟೂತನಕ ಇದರ ಮುಳ್ಳು ತಿರುವಬ್ಯಾಡ ಅಂತ ಹೇಳಿ.

ಮಾಸ್ತರ, ಬಾಜೂ ಮನಿ ಹುಡುಗನ ಹತ್ರ ಗೋಲ ಇಸ್ಕೊಂಡು ಬಂದು ದಾರ ಎಳದ್ವಿ. ಅವ್ವನ ಎಳದಳು. ದಾರ ನೇಪಾಳದ ಮ್ಯಾಲ ಸರದದ್ದು ನೋಡಿ, ಪಶುಪತಿನಾಥನ ಗುಡಿ ಮ್ಯಾಲ ಹೋಗತೈತಿ, ಕಿಡಿಕಿಯಾಗ ಹಿಮಾಲಯ ಕಾಣತೈತೇನು ಕೇಳು ಅಂದಳು. ಸಾಂಬ್ರಾ ಅಣ್ಣಾರ ಆ ದಾರಿ ಹಿಡಿಯೂದಿಲ್ಲ ಅಂದಾರಲ್ಲ, ಹಂಗಾರ ಏನ ಕಾಣತೈತ್ರಿ ಆಕಿಗೆ?

ಸಾಂಬ್ರಾ ನಿವೃತ್ತ

ಸಾಮಾನ್ಯವಾಗಿ ಹೋಗೂಮುಂದ ಬಂಗಾಳ ಉಪಸಾಗರ, ಮ್ಯಾನ್ಮಾರ್, ಚೀನಾ ದಾಟಿ ಪೆಸಿಫಿಕ್ ಮ್ಯಾಲ ಹೋಗತಾವು, ಹಿಮಾಲಯ ದೂರ ಎಡಕ್ಕ ಉಳೀತೈತಿ. ಮಧ್ಯಾಹ್ನ 3ಕ್ಕ ಬಿಟ್ಟು ಪೂರ್ವಕ್ಕ ಹೊಂಟ್ರ ಕತ್ತಲಾ ಎದುರಿಗೆ ಓಡಿ ಬರತೈತಿ, ಚೀನಾ ಮುಟ್ಟೂದ್ರಾಗ ರಾತ್ರಿ. ಆದ್ರ ಆ ರಾತ್ರಿ ಗಿಡ್ಡ. ಪೆಸಿಫಿಕ್ ನಡುವ, ಅಪ್ಪಾರ ಗಡಿಯಾರದಾಗ ಇನ್ನೂ ನಡುರಾತ್ರಿ ಆಸುಪಾಸು ಇರೂಮುಂದನ ಮುಂದಿನ ಕಡೆ ಸೂರ್ಯ ಮ್ಯಾಲ ಬರ್ತಾನ. ಕಿಡಿಕಿ ಪರದಾ ಎಲ್ಲಾ ಮುಚ್ಚಿರ್ತಾರ, ಮಂದಿ ಮಲಗಿರ್ತಾರ. ಅವ್ವ ಅಡ್ಡಾಡಾಕ ಎದ್ದಾಗ ಹಿಂದ ಬಾಗಲದ ಸಣ್ಣ ಕಿಡಿಕಿಯಾಗ ಒಂದು ಸರ್ತಿ ಹಣಿಕಿ ಹಾಕ್ಲಿ.